ಎಂ31: 1000 ಸೆಕೆಂಡಿಗೊಮ್ಮೆ ಮಂಕಾಗುವ ಎಕ್ಸ್-ರೇ ಮೂಲ, ಯಾರಾದ್ರೂ ನೋಡಿ

ಬಾನಂಗಳ: ತಲೆ ಕೆಟ್ಟುಹೋಗಿದೆ. ಬಾಹ್ಯಾಕಾಶದ ಚಂದ್ರಾ ಎಕ್ಸ್-ರೇ ದೂರದರ್ಶಕದ ಹಳೇ ಡೇಟಾ ಇಳಿಸಿಕೊಂಡು ಆಂಡ್ರೊಮಿಡಾ ಗ್ಯಾಲಕ್ಸಿಯ (ಅದೇ ಎಂ31) ಎಕ್ಸ್-ರೇ ಬೈನರಿಗಳನ್ನು, ಅಂದ್ರೆ ಕಪ್ಪುಕುಳಿ ಇಲ್ಲವೇ ನ್ಯೂಟ್ರಾನ್ ತಾರೆ ಜೊತೆಗಾರ ತಾರೆಯನ್ನು ಹೀರುವ ಜೋಡಿಗಳನ್ನು, ಹುಡುಕುತ್ತಿದ್ದೇನೆ. ಒಂದು ಮೂಲ ಸಖತ್ ಪ್ರಖರ. ಲೈಟ್‌ಕರ್ವ್ (ಹೊತ್ತು ಹೋದಂತೆ ಬೆಳಕು ಬದಲಾಗುವ ಗ್ರಾಫ್) ತೆಗೆದರೆ ತಪ್ಪದೆ 1000 ಸೆಕೆಂಡಿಗೊಮ್ಮೆ ಇಳಿತ. ಗ್ರಹಣ ಅನ್ನೋಣವೆಂದರೆ ಇನ್ನೊಂದು ಅಬ್ಸರ್ವೇಶನ್‌ನಲ್ಲಿ ಅದು ಇಲ್ಲವೇ ಇಲ್ಲ! ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದೂ ಆಯ್ತು.

ಗಾಮಾ_ಗೌಡ: ಪೈಲಪ್. ಪ್ರಖರ ಮೂಲ ಅಂದ್ರೆ ಮೊದಲು ಅದನ್ನೇ ನೋಡಬೇಕು. ಚಂದ್ರಾದ ಕ್ಯಾಮೆರಾ ಏಸಿಸ್‌ನ ಒಂದು ಫ್ರೇಮ್ 3.2 ಸೆಕೆಂಡು. ಅಷ್ಟರಲ್ಲಿ ಒಂದೇ ಕಡೆ ಎರಡು ಫೋಟಾನ್ ಬಿದ್ದರೆ ಒಂದೇ ಅಂತ ಲೆಕ್ಕ, ಅದೇ ಪೈಲಪ್.

ಬಾನಂಗಳ: ಪೈಲಪ್ ಗಡಿಯಾರ ನೋಡಿಕೊಂಡು ಬರುತ್ತಾ ಸರ್?

ಗಾಮಾ_ಗೌಡ: ನಡುವಿನ ಪಿಕ್ಸೆಲ್ ಬಿಟ್ಟು ಸುತ್ತಲಿನ ಉಂಗುರ ಮಾತ್ರ ತಗೊಂಡು ನೋಡಿ. ಪೈಲಪ್ಪೇ.

ಎಂ33_ಪ್ರೇಮಿ: ಅವಧಿ ಚಿಕ್ಕದು ಅಂತ ಬೈನರಿ ಅಲ್ಲ ಅನ್ನಬೇಡಿ. ನಮ್ಮ ಗ್ಯಾಲಕ್ಸಿಯ 4ಯು 1820-30 ಅನ್ನೋ ಎಕ್ಸ್-ರೇ ಜೋಡಿ 685 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ನಾನು ಪಕ್ಕದ ಎಂ33 ಗ್ಯಾಲಕ್ಸಿಯ ಎಂ33 ಎಕ್ಸ್-7 ಬೈನರಿ ಹಿಂದೆ ಬಿದ್ದಿದ್ದೇನೆ. ಅಲ್ಲಿ ಕಪ್ಪುಕುಳಿಗೆ 3.45 ದಿನಕ್ಕೊಮ್ಮೆ ನಿಜವಾದ ಗ್ರಹಣ!  ನೀವೂ ಯುರೋಪಿನ ಎಕ್ಸ್-ರೇ ದೂರದರ್ಶಕ ಎಕ್ಸ್‌ಎಂಎಂಗೆ ಬನ್ನಿ, ಫೋಟಾನ್ ಜಾಸ್ತಿ ಸಿಗುತ್ತವೆ.

ಗಾಮಾ_ಗೌಡ: ಎಂ31ರ ನಡುಭಾಗದಲ್ಲಿ ಎಕ್ಸ್‌ಎಂಎಂ ಏನು ಮಾಡುತ್ತೆ? ಪಕ್ಕಪಕ್ಕದ ಮೂಲಗಳೆಲ್ಲ ಕಲಸಿಹೋಗುತ್ತವೆ. ಚಂದ್ರಾ ಅರ್ಧ ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3600ನೇ ಒಂದು ಭಾಗ) ಹತ್ತಿರದ್ದನ್ನೂ ಬಿಡಿಸುತ್ತದೆ.

ಎಂ33_ಪ್ರೇಮಿ: ನಡುಭಾಗ ಅಂತ ಅವರು ಹೇಳೇ ಇಲ್ವಲ್ಲ.

ತಿಂಗಳಬೆಳಕು: ಅದೇ ಮುಖ್ಯ. ಆ ಮೂಲ ಕ್ಯಾಮೆರಾದ ಚಿಪ್‌ನಲ್ಲಿ ಎಲ್ಲಿ ಬಿದ್ದಿದೆ? ಚಂದ್ರಾ ಒಂದೇ ಕಡೆ ನೆಟ್ಟು ನೋಡುವುದಿಲ್ಲ. ಬೇಕೆಂದೇ ನಿಧಾನವಾಗಿ ಓಲಾಡುತ್ತದೆ, ಅದು ಡಿದರ್. ಏಸಿಸ್‌ನಲ್ಲಿ ಒಂದು ದಿಕ್ಕಿನಲ್ಲಿ ಹೋಗಿಬರಲು 1000 ಸೆಕೆಂಡು, ಇನ್ನೊಂದರಲ್ಲಿ 707. ಮೂಲ ಚಿಪ್ ಅಂಚಿನಲ್ಲಿದ್ದರೆ ಪ್ರತಿ ಸಲ ಸ್ವಲ್ಪ ಹೊತ್ತು ಆಚೆ ಜಾರುತ್ತದೆ, ಎಣಿಕೆ ಕುಸಿಯುತ್ತದೆ. ಇನ್ನೊಂದು ಅಬ್ಸರ್ವೇಶನ್‌ನಲ್ಲಿ ರೋಲ್ ಆಂಗಲ್ (ದೂರದರ್ಶಕ ತನ್ನ ನೋಟದ ದಿಕ್ಕಿನ ಸುತ್ತ ತಿರುಗಿರುವ ಕೋನ) ಬೇರೆ ಇದ್ದರೆ ಆ ಮೂಲ ಚಿಪ್‌ನ ಒಳಗೇ ಉಳಿದಿರುತ್ತದೆ. ಚಂದ್ರಾ ಸಾಫ್ಟ್‌ವೇರ್‌ನ ಡಿದರ್_ರೀಜನ್ ಓಡಿಸಿ, ಮೂಲ ಯಾವಾಗ ಎಷ್ಟು ಚಿಪ್ ಮೇಲಿತ್ತು ಅಂತ ಅದು ಹೇಳುತ್ತದೆ; ಬಂದ ಫೈಲನ್ನು ಏರಿಳಿತ ಪರೀಕ್ಷಿಸುವ ಜಿಎಲ್‌ವೇರಿಗೆ ಕೊಡಿ.

ಬಾನಂಗಳ: ಹೌದು, ಅಂಚಿನಲ್ಲೇ ಇದೆ! ಓಡಿಸಿದೆ. 1000 ಸೆಕೆಂಡಿನ ಇಳಿತ ಮಾಯ. ಆದರೆ ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಮಂಕಾಗುವುದು ಹಾಗೇ ಉಳಿದಿದೆ.

ತಿಂಗಳಬೆಳಕು: ಹಾಗಾದ್ರೆ ಅದು ಮೂಲದ್ದೇ ಇರಬಹುದು. ಆದರೂ ಈಗಲೇ ಬೈನರಿ ಅನ್ನಬೇಡಿ. ಎಂ31ರ ಹಿಂದಿರುವ ದೂರದ ಕ್ವೇಸಾರ್‌ಗಳೂ (ದೈತ್ಯ ಕಪ್ಪುಕುಳಿಯಿಂದ ಬೆಳಗುವ ಗ್ಯಾಲಕ್ಸಿ ನಡುಭಾಗಗಳು) ಹೀಗೆ ಏರಿಳಿಯುತ್ತವೆ. ಎಂ31ರ ಗೋಳಗುಚ್ಛಗಳ (ಹಳೇ ತಾರೆಗಳ ದಟ್ಟ ಗುಂಪು, ಎಕ್ಸ್-ರೇ ಬೈನರಿಗಳು ಅಲ್ಲಿ ಹೆಚ್ಚು) ಪಟ್ಟಿಯಲ್ಲಿ ಆ ಜಾಗ ಸಿಕ್ಕರೆ ಬೈನರಿ ಅನ್ನುವುದಕ್ಕೆ ಬಲ ಬರುತ್ತದೆ.

ಗಾಮಾ_ಗೌಡ: ಪೈಲಪ್ ಪರೀಕ್ಷೆಯನ್ನೂ ಮಾಡಿಬಿಡಿ.

ತಿಂಗಳಬೆಳಕು: ಮೂಲ ನೋಟದ ನಡುವಿನಿಂದ ದೂರ ಇದ್ದರೆ ಬಿಂಬ ಹರಡಿರುತ್ತದೆ ಸರ್, ಅಲ್ಲಿ ಪೈಲಪ್ ಕಮ್ಮಿ.

ಎಂ33_ಪ್ರೇಮಿ: ಬಾನಂಗಳ, ನಿರ್ದೇಶಾಂಕ ಹಾಕಿ. ನಾನೂ ಹುಡುಕುತ್ತೇನೆ.