ಹೊಸ ಹಿತ್ತಾಳೆ ಕೇಸುಗಳಲ್ಲಿ ದೋಷ: ಯಾವುದನ್ನು ಸರಿಪಡಿಸಬಹುದು, ಯಾವುದನ್ನು ಹಿಂದಿರುಗಿಸಬೇಕು?

ಓಹಾಯೋ ನಿವಾಸಿ:

ಇಲ್ಲಿನ ಶೂಟಿಂಗ್ ಕ್ಲಬ್ಬಿನ ಗುರಿ ಸ್ಪರ್ಧೆಗಳಿಗಾಗಿ .308 ವಿಂಚೆಸ್ಟರ್ ತೋಟಾಗಳನ್ನು ನಾನೇ ರೀಲೋಡ್ ಮಾಡಿಕೊಳ್ಳುತ್ತೇನೆ, ಅಂದರೆ ತೋಟಾದ ಹಿತ್ತಾಳೆ ಕವಚಕ್ಕೆ (ಕೇಸು) ಮದ್ದು, ಬುಲೆಟ್ ತುಂಬಿಕೊಳ್ಳುತ್ತೇನೆ. ಈವರೆಗೆ ಕಾರ್ಖಾನೆಯ ತೋಟಾಗಳನ್ನು ಹಾರಿಸಿದ ಮೇಲೆ ಉಳಿಯುವ ಕೇಸುಗಳನ್ನೇ ಮತ್ತೆ ತುಂಬುತ್ತಿದ್ದೆ. ಎಲ್ಲವೂ ಒಂದೇ ಲಾಟಿನವಾಗಿರಲಿ ಎಂದು ಈ ಸಲ ನೂರು ಹೊಸ ಕೇಸುಗಳನ್ನು ತರಿಸಿದೆ. ಪೆಟ್ಟಿಗೆ ಬಿಚ್ಚಿದಾಗ ಹಲವು ಕೇಸುಗಳ ಬಾಯಿ ಜಜ್ಜಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಕ್ಯಾಲಿಪರ್‌ನಿಂದ ಅಳೆದರೆ ಉದ್ದ 2.004 ರಿಂದ 2.012 ಅಂಗುಲದವರೆಗೆ ಏರುಪೇರಾಗಿದೆ. ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲಾದ ಪ್ರೈಮರಿನ ಕಿಡಿ ಒಳಗೆ ಹೋಗುವ ಫ್ಲ್ಯಾಶ್ ಹೋಲಿನ ಒಳಅಂಚಿನಲ್ಲಿ ಬರ್ (ಲೋಹದ ಒರಟು ಮುಳ್ಳಂಚು) ಎದ್ದಿದೆ, ಕೆಲವದರಲ್ಲಿ ಆ ರಂಧ್ರವೇ ನಡುವಿನಿಂದ ಸರಿದಿದೆ. ಎಲ್ಲಕ್ಕಿಂತ ಹೆಚ್ಚು ಕಳವಳ ತಂದಿರುವುದು ಎರಡು ಕೇಸುಗಳ ಕತ್ತಿನಲ್ಲಿ ಉದ್ದುದ್ದಕ್ಕೆ ಇರುವ, ಕೂದಲೆಳೆಯಷ್ಟು ಸಣ್ಣ ಬಿರುಕು. ಇವನ್ನು ಒಮ್ಮೆಯೂ ಹಾರಿಸಿಲ್ಲ. ಮಾರಾಟಗಾರರು ಇವೆಲ್ಲ ಸಹಜ ವ್ಯತ್ಯಾಸಗಳೆಂದು ಉತ್ತರಿಸಿದ್ದಾರೆ. ಕತ್ತಿನ ಬಳಿ ಕಾಣುವ ನೀಲಿಗಂದು ಬಣ್ಣವೂ ದೋಷವೇ? ಉಳಿದವನ್ನು ತೂಕ ಮಾಡಿ ಬೇರ್ಪಡಿಸಿ ಬಳಸಬಹುದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಟೆಕ್ಸಾಸ್ ರೈಫಲ್:

ಮೊದಲಿಗೆ, ತೀರ್ಮಾನವಾಗುವವರೆಗೆ ಒಂದು ಕೇಸನ್ನೂ ಡೈಗೆ, ಅಂದರೆ ಅದನ್ನು ಒತ್ತಿ ಸರಿಯಾದ ಅಳತೆಗೆ ತರುವ (ಸೈಜ್ ಮಾಡುವ) ಅಚ್ಚಿಗೆ, ಹಾಕಬೇಡಿ. ಸೈಜ್ ಮಾಡಿದ ಅಥವಾ ಹಾರಿಸಿದ ಕೇಸನ್ನು ಸಾಮಾನ್ಯವಾಗಿ ಯಾವ ಮಾರಾಟಗಾರರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನೀವು ಹೇಳಿದ ದೋಷಗಳಲ್ಲಿ ಕಣ್ಣಿಗೆ ರಾಚುವವು ಬಹುಮಟ್ಟಿಗೆ ನಿರುಪದ್ರವಿಗಳು. ಸಡಿಲವಾಗಿ ಚೀಲಕ್ಕೆ ತುಂಬಿದ ಕೇಸುಗಳು ಸಾಗಣೆಯಲ್ಲಿ ಒಂದಕ್ಕೊಂದು ತಾಗಿ ಬಾಯಿ ಜಜ್ಜಿಹೋಗುವುದು ದುಬಾರಿ ತಯಾರಕರ ಮಾಲಿನಲ್ಲೂ ಉಂಟು. ಎಕ್ಸ್‌ಪ್ಯಾಂಡರನ್ನು (ಒಳಗಿನಿಂದ ಬಾಯಿ ಅಗಲಿಸುವ ಉಪಕರಣ) ಒಮ್ಮೆ ಹಾಯಿಸಿದರೆ ಬಾಯಿ ದುಂಡಗಾಗುತ್ತದೆ. ಉದ್ದದ ವಿಷಯದಲ್ಲಿ .308ಕ್ಕೆ ಗರಿಷ್ಠ ಮಿತಿ 2.015 ಅಂಗುಲ, ಟ್ರಿಮ್ ಮಾಡುವ (ಕತ್ತರಿಸಿ ಗಿಡ್ಡಗೊಳಿಸುವ) ಅಳತೆ ಸಾಮಾನ್ಯವಾಗಿ 2.005 ಅಂಗುಲ. ಕೇಸು ಮಿತಿ ಮೀರಿ ಉದ್ದವಾದಾಗ ಅದರ ಬಾಯಿ, ಬಂದೂಕಿನಲ್ಲಿ ತೋಟಾ ಕೂರುವ ಚೇಂಬರಿನ ತುದಿಗೆ ಒತ್ತಿ ಬುಲೆಟ್ಟನ್ನು ಬಿಗಿಹಿಡಿಯುವುದರಿಂದ ಒತ್ತಡ ಅಪಾಯಕರವಾಗಿ ಏರುತ್ತದೆ, ಆದರೆ ಒಂದು ಥೌ (ಅಂಗುಲದ ಸಾವಿರದ ಒಂದು ಭಾಗ) ಗಿಡ್ಡವಾದರೆ ಏನೂ ಆಗದು. ನಿಮ್ಮವು ಅಸಮವಾಗಿವೆ, ಅಪಾಯಕರವಾಗಿಲ್ಲ.

ರಂಧ್ರವನ್ನು ಡ್ರಿಲ್ ಮಾಡದೆ ಪಂಚ್ ಮಾಡಿದಾಗ ಒಳಗಡೆ ಬರ್ ಏಳುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಬಾಯಿಯಿಂದ ಇಳಿಸಿ ತಳದಲ್ಲಿ ತಿರುಗಿಸಿ ನೋಡಿ. ಬರ್ ದೊಡ್ಡದಿದ್ದರೆ ಹತ್ತಿಯ ಎಳೆ ಅದಕ್ಕೆ ಸಿಕ್ಕಿಕೊಂಡು ಬರುತ್ತದೆ. ಡಿಬರಿಂಗ್ ಉಪಕರಣದಿಂದ ಪ್ರತಿ ಕೇಸಿಗೆ ಒಂದೇ ಸಲ ಮಾಡಿದರೆ ಸಾಕು. ರಂಧ್ರ ತುಸು ಸರಿದಿದ್ದರೆ ಗುರಿಗೆ ಆಗುವ ತೊಂದರೆಗಿಂತ ಹಳೆಯ ಪ್ರೈಮರನ್ನು ಹೊರದಬ್ಬುವ ಡಿಕ್ಯಾಪಿಂಗ್ ಪಿನ್ ಬಾಗುವ ಕಾಟವೇ ಹೆಚ್ಚು.

ನೀವು ಹೇಳದೇ ಇರುವ, ಆದರೆ ನಾನು ಮೊದಲು ನೋಡುವ ಜಾಗ ಪ್ರೈಮರ್ ಪಾಕೆಟ್, ಅಂದರೆ ಪ್ರೈಮರ್ ಕೂರುವ ಕುಳಿ. ಹ್ಯಾಂಡ್ ಪ್ರೈಮಿಂಗ್ ಉಪಕರಣದಲ್ಲಿ ಪ್ರೈಮರ್ ಕೂರಿಸುವಾಗ ಹಿಡಿಗೆ ತಡೆ ಸಿಗಬೇಕು. ಯಾವ ಪ್ರತಿರೋಧವೂ ಇಲ್ಲದೆ ಅದು ಜಾರಿ ಒಳಗೆ ಹೋದರೆ ಆ ಕೇಸು ನೋಡಲು ಎಷ್ಟೇ ಚೆನ್ನಾಗಿದ್ದರೂ ತಿಪ್ಪೆಗೆ ಯೋಗ್ಯ. ಆದರೆ ಈ ಪರೀಕ್ಷೆ ಹಿಂದಿರುಗಿಸದೆ ಉಳಿಸಿಕೊಳ್ಳುವ ಕೇಸುಗಳಿಗೆ ಮಾತ್ರ.

ಬಿರುಕಿನ ಮಾತೇ ಬೇರೆ. ಅದಕ್ಕೆ ರಿಪೇರಿ ಎಂಬುದಿಲ್ಲ.

ಲೋಹಶಾಸ್ತ್ರದವನು, ಬೆಂಗಳೂರು:

ನಾನು ಬಂದೂಕು ಹಿಡಿದವನಲ್ಲ, ಆದರೆ ಹಿತ್ತಾಳೆಯ ಬಿರುಕಿನ ಬಗ್ಗೆ ಹೇಳಬಲ್ಲೆ. ಕೇಸಿಗೆ ಬಳಸುವುದು ಶೇ. 70 ತಾಮ್ರ, ಶೇ. 30 ಸತುವಿನ ಮಿಶ್ರಲೋಹ. ಬಟ್ಟಲಿನಾಕಾರದ ತುಂಡನ್ನು ಹಂತಹಂತವಾಗಿ ಎಳೆದು ಉದ್ದಗೊಳಿಸುವಾಗ ಲೋಹ ಗಡುಸಾಗುತ್ತಾ ಹೋಗುವುದರಿಂದ ನಡುನಡುವೆ ಅನೀಲಿಂಗ್ (ಕಾಯಿಸಿ ಮೆದುಗೊಳಿಸುವುದು) ಮಾಡುತ್ತಾರೆ, ಮತ್ತು ಕತ್ತನ್ನು ಕಿರಿದುಗೊಳಿಸಿದ ಬಳಿಕ ಆ ಭಾಗವನ್ನು ಮಾತ್ರ ಕಾಯಿಸಿ ಮೆದುಗೊಳಿಸುತ್ತಾರೆ. ನಿಮಗೆ ಕಂಡ ನೀಲಿಗಂದು ಬಣ್ಣ ಆ ಕಾಯಿಸಿದ ಗುರುತು; ಕೆಲವು ತಯಾರಕರು ಅದನ್ನು ಪಾಲಿಶ್ ಮಾಡಿ ಅಳಿಸುತ್ತಾರೆ, ಕೆಲವರು ಹಾಗೆಯೇ ಬಿಡುತ್ತಾರೆ. ಅದು ದೋಷವಲ್ಲ. ಆದರೆ ಈ ಕೊನೆಯ ಅನೀಲಿಂಗ್ ಸರಿಯಾಗಿ ಆಗದಿದ್ದರೆ ಕತ್ತಿನಲ್ಲಿ ಎಳೆತದ ಒತ್ತಡ ಉಳಿದುಕೊಳ್ಳುತ್ತದೆ, ಮತ್ತು ಅಂಥ ಹಿತ್ತಾಳೆಗೆ ತೇವ ಹಾಗೂ ಅಮೋನಿಯಾ ತಗುಲಿದರೆ ಹಾರಿಸದೆ ಇಟ್ಟಲ್ಲಿಯೇ ಸೀಳುತ್ತದೆ.

ಇದು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡದ್ದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳ ಹಿತ್ತಾಳೆ ಬಿರಿಯುತ್ತಿತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ಲೋಹದೊಳಗೆ ಉಳಿದ ಒತ್ತಡ ಸೇರಿ ಹೀಗಾಗುತ್ತದೆಂಬುದನ್ನು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ವಿವರಿಸಿದರು. ಹೀಗಾಗಿ ಎರಡು ಕೇಸು ಬಿರಿದಿವೆ ಎಂದರೆ ಉಳಿದ ತೊಂಬತ್ತೆಂಟು ಚೆನ್ನಾಗಿವೆ ಎಂದು ಅರ್ಥವಲ್ಲ, ಅವೂ ಅದೇ ಕುಲುಮೆಯಿಂದ ಬಂದಿರುವ ಸಂಭವವಿದೆ. ಮನೆಯಲ್ಲೇ ಕಾಯಿಸಿ ಸರಿಪಡಿಸುವ ಯೋಚನೆ ಬೇಡ: ಬಿರುಕು ಕೂಡಿಕೊಳ್ಳದು, ಗಡುಸಾಗಿಯೇ ಇರಬೇಕಾದ ಬುಡಕ್ಕೆ ಶಾಖ ತಲುಪಿದರೆ ಅದು ಮೆದುವಾಗಿ ಅನಾಹುತಕ್ಕೆ ದಾರಿಯಾಗುತ್ತದೆ. ಹುಣಿಸೆಹುಳಿಯಲ್ಲಿ ನೆನೆಹಾಕುವುದೂ ಬೇಡ. ದೇವರ ದೀಪಕ್ಕೆ ಅದು ಸರಿ, ಆದರೆ ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟ ಹಿತ್ತಾಳೆಯ ಮೇಲ್ಮೈಯಿಂದ ಸತು ಕಳೆದು ತಾಮ್ರದ ಕೆಂಪು ಉಳಿಯುತ್ತದೆ.

ತಕ್ಕಡಿ:

ತೂಕದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಹಿತ್ತಾಳೆಯ ಸಾಂದ್ರತೆ ನೀರಿನ ಸುಮಾರು ಎಂಟೂವರೆ ಪಟ್ಟು. ಹೊರ ಅಳತೆ ಒಂದೇ ಆಗಿದ್ದರೆ, ಎಂಟೂವರೆ ಗ್ರೇನ್ (ತೂಕದ ಪುಟ್ಟ ಮಾನ) ಹೆಚ್ಚು ತೂಗುವ ಕೇಸಿನೊಳಗೆ ಒಂದು ಗ್ರೇನ್ ನೀರಿನಷ್ಟು ಜಾಗ ಕಡಿಮೆ. ಆದರೆ ಹೆಚ್ಚುವರಿ ಹಿತ್ತಾಳೆ ಎಕ್ಸ್‌ಟ್ರಾಕ್ಟರ್ ತೋಡಿನ ಬಳಿ ಅಥವಾ ರಿಮ್ಮಿನಲ್ಲಿ, ಅಂದರೆ ಕೇಸಿನ ಬುಡದ ಹೊರಭಾಗದಲ್ಲಿ, ಕುಳಿತಿದ್ದರೆ ಒಳಜಾಗಕ್ಕೂ ತೂಕಕ್ಕೂ ಸಂಬಂಧವೇ ಇರುವುದಿಲ್ಲ, ಆದ್ದರಿಂದ ಒಂದೆರಡು ಗ್ರೇನ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಬಾಲ್ ಮೈಕ್ರೋಮೀಟರ್‌ನಿಂದ ಕತ್ತಿನ ಗೋಡೆಯ ದಪ್ಪವನ್ನು ಸುತ್ತಲೂ ಅಳೆಯಿರಿ. ಒಂದೇ ಕೇಸಿನಲ್ಲಿ ಎರಡು ಥೌಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬುಲೆಟ್ ನೆಟ್ಟಗೆ ಕೂರುವುದಿಲ್ಲ, ಗುರಿ ಕೆಡುವುದು ಅಲ್ಲಿಂದ. ಹಿಂದಿನ ಕೇಸುಗಳಿಗೆ ಹೊಂದಿಸಿದ್ದ ಮದ್ದಿನ ಪ್ರಮಾಣವನ್ನು ಹೊಸ ಲಾಟಿಗೆ ಹಾಗೆಯೇ ಬಳಸದೆ, ಕೈಪಿಡಿಯ ಆರಂಭಿಕ ಮಟ್ಟದಿಂದ ಮತ್ತೆ ಶುರುಮಾಡಿ.

ಓಹಾಯೋ ನಿವಾಸಿ:

ಎಲ್ಲರಿಗೂ ಧನ್ಯವಾದಗಳು. ಬಿರುಕಿನ ಚಿತ್ರಗಳನ್ನು ಲಾಟ್ ಸಂಖ್ಯೆಯೊಂದಿಗೆ ನೇರವಾಗಿ ತಯಾರಕರಿಗೇ ಕಳುಹಿಸಿದೆ. ಇಡೀ ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರು ಒಪ್ಪಿದ್ದಾರೆ. ಬದಲಿಯಾಗಿ ಬರುವುದು ಅದೇ ಲಾಟ್ ಆಗಿರಬಾರದೆಂದು ಬರವಣಿಗೆಯಲ್ಲಿ ಕೇಳಿದ್ದೇನೆ. ಲಾಯದ ವಿಷಯ ಓದಿದ ಮೇಲೆ ಒಂದು ಅನುಮಾನ ಹುಟ್ಟಿದೆ: ನೆಲಮಾಳಿಗೆಯಲ್ಲಿ ನನ್ನ ಹಳೆಯ ಕೇಸುಗಳ ಪಕ್ಕದಲ್ಲೇ ಬೆಕ್ಕಿನ ಮಲಮೂತ್ರದ ತಟ್ಟೆ ಇರುತ್ತದೆ. ಅದೂ ತೊಂದರೆಯೇ?

ಲೋಹಶಾಸ್ತ್ರದವನು, ಬೆಂಗಳೂರು:

ಹೌದು, ಅಲ್ಲಿಯೂ ಅಮೋನಿಯಾ ಏಳುತ್ತದೆ. ಕೇಸುಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಬೇರೆ ಕೋಣೆಗೆ ಸಾಗಿಸಿ, ಅಮೋನಿಯಾ ಇರುವ ಪಾಲಿಶನ್ನೂ ಗಾಜು ಒರೆಸುವ ದ್ರವವನ್ನೂ ಅವುಗಳ ಬಳಿ ಬಳಸಬೇಡಿ. ಮತ್ತೆ ತುಂಬುವ ಮುನ್ನ ಹಳೆಯ ಕೇಸುಗಳ ಕತ್ತನ್ನೂ ಭೂತಗನ್ನಡಿ ಹಿಡಿದು ನೋಡಿಬಿಡಿ.