ಏರ್ ಬ್ರೇಕ್ ಕೈಪಿಡಿಯಲ್ಲಿ ‘ಗಾಳಿ ಬಿಡು’ ಎಂಬ ಬಳಕೆ: ಅರ್ಥದ ಗೊಂದಲ ಮತ್ತು ಬದಲಿ ಪದಗಳು

ಮಾನ್ಯರೆ,

ಪೀಣ್ಯದ ಸುತ್ತಮುತ್ತಲಿನ ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ, ಲಾರಿ ಮತ್ತು ಬಸ್ಸುಗಳ ಏರ್ ಬ್ರೇಕ್ ವಾಲ್ವ್‌ಗಳನ್ನು ಬಿಚ್ಚಿ, ಜೋಡಿಸಿ, ಪರೀಕ್ಷಿಸುವ ಕ್ರಮವನ್ನು ತಿಳಿಸುವ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಭಾಗಗಳ ಹೆಸರುಗಳ ಬಗ್ಗೆ ನನಗೆ ತೊಡಕಿಲ್ಲ. ರಿಲೇ ವಾಲ್ವ್, ಫುಟ್ ವಾಲ್ವ್, ಡಯಾಫ್ರಾಮ್, ಸ್ಲ್ಯಾಕ್ ಅಡ್ಜಸ್ಟರ್ ಎಂದು ಕೇಳಿದರೇ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಾಮಾನು ಸಿಗುವುದು. ಕೈಪಿಡಿಯಲ್ಲೂ ಅವೇ ಇರಬೇಕು. ತೊಡಕು ಬಂದಿರುವುದು ‘ಬಿಡು’ ಎಂಬ ಕ್ರಿಯಾಪದದಲ್ಲಿ.

ಚೇಂಬರ್ ಎಂದರೆ ಚಕ್ರದ ಬಳಿ ಗಾಳಿ ತುಂಬಿಕೊಳ್ಳುವ ಬ್ರೇಕಿನ ಡಬ್ಬಿ. ‘ಚೇಂಬರಿಗೆ ಗಾಳಿ ಬಿಡು’ ಎಂದರೆ ಗಾಳಿ ಒಳಗೆ ಹೋಗಬೇಕು. ‘ಚೇಂಬರಿನ ಗಾಳಿ ಬಿಡು’ ಎಂದರೆ ಅದೇ ಗಾಳಿ ಹೊರಗೆ ಬರಬೇಕು. ಬರಹದಲ್ಲಿ ಚತುರ್ಥಿ, ಷಷ್ಠಿ ಪ್ರತ್ಯಯಗಳು ಈ ವ್ಯತ್ಯಾಸವನ್ನು ಹೇಗೋ ಕಾಪಾಡುತ್ತವೆ. ಆದರೆ ಗಾಡಿಯ ಕೆಳಗೆ ಮಲಗಿ ಕೂಗುವ ಮಾತಿನಲ್ಲಿ ಅದು ‘ಚೇಂಬರ್ ಏರ್ ಬಿಡು’ ಎಂದಷ್ಟೇ ಆಗಿ, ಪ್ರತ್ಯಯದ ಜೊತೆಗೆ ಅರ್ಥವೂ ಬಿದ್ದುಹೋಗುತ್ತದೆ.

ಇದಕ್ಕೆ ‘ಬ್ರೇಕ್ ಬಿಡು’ ಎಂಬ ಬಳಕೆಯೂ ಸೇರಿದಾಗ ಗೊಂದಲ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಪೆಡಲ್ ತುಳಿದಾಗ ಕೆಲಸ ಮಾಡುವ ಬ್ರೇಕಿನಲ್ಲಿ ಗಾಳಿಯು ಡಯಾಫ್ರಾಮನ್ನು (ಚೇಂಬರಿನೊಳಗಿನ ರಬ್ಬರ್ ಪೊರೆಯನ್ನು) ಒತ್ತಿ, ಪುಶ್ ರಾಡನ್ನು ಮುಂದಕ್ಕೆ ತಳ್ಳಿ, ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯ ಮೂಲಕ, ಲೈನಿಂಗನ್ನು ಡ್ರಮ್ಮಿಗೆ ಒತ್ತುವ ಕ್ಯಾಮನ್ನು ತಿರುಗಿಸುವುದರಿಂದ, ಗಾಳಿ ಹೊರಹೋದೊಡನೆ ಬ್ರೇಕ್ ಬಿಡುತ್ತದೆ. ಪಾರ್ಕಿಂಗ್ ಬ್ರೇಕಿನದು ಇದಕ್ಕೆ ತದ್ವಿರುದ್ಧವಾದ ಏರ್ಪಾಡು: ಅಲ್ಲಿ ಬ್ರೇಕ್ ಹಾಕುವುದು ಬಲವಾದ ಸ್ಪ್ರಿಂಗ್, ಅದನ್ನು ಅದುಮಿ ಹಿಡಿದಿರುವುದು ಗಾಳಿ. ಆದ್ದರಿಂದ ಗಾಳಿ ಹೊರಹೋದರೆ ಬ್ರೇಕ್ ಹಿಡಿಯುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಈ ಎರಡೂ ಚೇಂಬರುಗಳು ಬೆನ್ನಿಗೆ ಬೆನ್ನು ಕೂಡಿಕೊಂಡು ಒಂದೇ ಆಕ್ಚುಯೇಟರಿನಲ್ಲಿರುತ್ತವೆ. ‘ಗಾಳಿ ಬಿಟ್ಟ ಮೇಲೆ ರಾಡ್ ಬಿಚ್ಚಿ’ ಎಂಬ ವಾಕ್ಯವನ್ನು ಓದಿದ ಹುಡುಗ ಯಾವ ಚೇಂಬರಿನ ಗಾಳಿಯೆಂದು ತಪ್ಪು ತಿಳಿದರೆ, ಅವನ ಕೈ ಇರುವ ಕಡೆಗೇ ಸ್ಪ್ರಿಂಗಿನ ಬಲವೆಲ್ಲ ಬರುತ್ತದೆ. ಅಲ್ಲಿ ಮೊದಲು ಹೇಳಬೇಕಾದದ್ದು ರಿಲೀಸ್ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಕಟ್ಟಿಹಾಕುವ ಕೆಲಸವನ್ನು.

ಸೋರಿಕೆಯ ಪರೀಕ್ಷೆಯನ್ನು ಬರೆಯುವಾಗಲೂ ಇದೇ ಪದ ಎದುರಾಯಿತು. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಗೇಜಿನಲ್ಲಿ ಸುಮಾರು 8 ಬಾರ್ ಬರುವ ತನಕ ಎಂಜಿನ್ ಓಡಿಸಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ತೆಗೆದು, ಪೆಡಲಿನ ಸೂಚನೆಯಂತೆ ಚೇಂಬರಿಗೆ ಗಾಳಿ ಕೊಡುವ, ಹೊರಬಿಡುವ ರಿಲೇ ವಾಲ್ವ್‌ನ ಕೆಳಗಿನ ಎಕ್ಸಾಸ್ಟ್ (ಗಾಳಿ ಹೊರಹೋಗುವ) ರಂಧ್ರಕ್ಕೆ ಸೋಪಿನ ನೀರು ಹಚ್ಚಬೇಕು. ಪೆಡಲ್ ತುಳಿಯದಿರುವಾಗ ಗುಳ್ಳೆ ಎದ್ದರೆ ಒಳಬರುವ ಗಾಳಿಯ ಸೀಟ್ (ವಾಲ್ವ್ ಮುಚ್ಚಿ ಕೂರುವ ಜಾಗ) ಸೋರುತ್ತಿದೆ. ತುಳಿದು ಹಿಡಿದಾಗ ಮಾತ್ರ ಎದ್ದರೆ ಎಕ್ಸಾಸ್ಟ್ ಸೀಟನ್ನು ನೋಡಬೇಕು. ಮೊದಲನೆಯ ಸಂದರ್ಭದಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿದೊಡನೆ ಗುಳ್ಳೆ ನಿಂತುಹೋದರೆ ವಾಲ್ವ್ ಬಿಚ್ಚುವುದು ವ್ಯರ್ಥ: ಆಕ್ಚುಯೇಟರಿನ ಒಳಗಿನ ಸೀಲ್ ಸೋರಿ, ಆ ಗಾಳಿ ಪೈಪಿನಲ್ಲಿ ಹಿಂದಕ್ಕೆ ಬಂದು ವಾಲ್ವ್‌ನಿಂದ ಹೊರಬೀಳುತ್ತಿರುತ್ತದೆ. ಇನ್ನು ಪೆಡಲಿನಿಂದ ಕಾಲು ತೆಗೆದ ಕ್ಷಣ ‘ಟುಸ್’ ಎಂದು ಹೊರಡುವುದು ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತು. ಈ ಬಗೆಬಗೆಯ ಗಾಳಿಗೆಲ್ಲ ‘ಏರ್ ಬಿಡ್ತಿದೆ’ ಎಂಬ ಒಂದೇ ಮಾತು ಚಾಲ್ತಿಯಲ್ಲಿದೆ. ದೋಷವನ್ನೂ ಸರಿಯಾದ ಕೆಲಸವನ್ನೂ ಬೇರ್ಪಡಿಸದ ಪದವನ್ನು ಪರೀಕ್ಷೆಯ ಕ್ರಮದಲ್ಲಿ ಬಳಸಲು ನನಗೆ ಮನಸ್ಸಿಲ್ಲ.

ಹಾಗಾಗಿ ಒಳಕ್ಕೆ ಕಳುಹಿಸುವುದಕ್ಕೆ ‘ಗಾಳಿ ಕೊಡು’, ಬೇಕೆಂದೇ ಹೊರಕ್ಕೆ ಕಳುಹಿಸುವುದಕ್ಕೆ ‘ಹೊರಬಿಡು’, ದೋಷದಿಂದ ಹೋಗುವುದಕ್ಕೆ ‘ಸೋರು’ ಎಂದು ಗೊತ್ತುಮಾಡಿಕೊಂಡು, ಬರಿಯ ‘ಬಿಡು’ವನ್ನು ಬ್ರೇಕಿಗೆ ಮಾತ್ರ ಉಳಿಸಿದ್ದೇನೆ. ಎಕ್ಸಾಸ್ಟಿಗೆ ಪುಸ್ತಕದ ಪದವಾದ ‘ನಿಷ್ಕಾಸ’ವನ್ನು ಬೇಕೆಂದೇ ಕೈಬಿಟ್ಟೆ, ಓದುವ ಹುಡುಗರು ಅದನ್ನು ಮತ್ತೊಬ್ಬರಿಂದ ಬಿಡಿಸಿಕೊಳ್ಳಬೇಕಾಗುತ್ತದೆ.

‘ಹಿಡಿ’ಯ ವಿಷಯದಲ್ಲಿ ನಮ್ಮ ಮೆಕ್ಯಾನಿಕರ ಮಾತೇ ಬಹಳ ನಿಖರವಾಗಿದೆ. ‘ಬ್ರೇಕ್ ಹಿಡೀತಿದೆ’ ಎಂದರೆ ಚೆನ್ನಾಗಿದೆಯೆಂದು, ‘ಹಿಡ್ಕೊಂಡಿದೆ’ ಎಂದರೆ ಕಾಲು ತೆಗೆದರೂ ಲೈನಿಂಗ್ ಡ್ರಮ್ಮಿಗೆ ಅಂಟಿಕೊಂಡೇ ಇದ್ದು ಹಬ್ ಬಿಸಿಯಾಗುತ್ತಿದೆಯೆಂದು ಅರ್ಥ. ‘ಕೊಳ್ಳು’ ಸೇರಿದ್ದರಿಂದಲೇ ಗುಣವು ದೋಷವಾಯಿತು. ಇದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ನನ್ನ ಪ್ರಶ್ನೆಗಳು ಇವು. ‘ಹೊರಬಿಡು’ ಎಂಬುದು ಆಡುಮಾತಿಗೆ ಹತ್ತಿರವಾಗಿದೆಯೇ, ಅಥವಾ ‘ಗಾಳಿ ತೆಗೆ’ ಎಂಬುದೇ ಮೇಲೇ? ಟೈರಿನ ವಿಷಯದಲ್ಲಿ ‘ತೆಗೆ’ ಎಲ್ಲರಿಗೂ ಪರಿಚಿತ, ಆದರೆ ‘ಬ್ರೇಕ್ ತೆಗೆ’ ಎಂಬ ಬಳಕೆ ಮೊದಲೇ ಇರುವುದರಿಂದ ಅಲ್ಲಿಯೂ ಇದೇ ಗೊಂದಲ ಬರಬಹುದೆಂಬ ಅಳುಕು ನನಗಿದೆ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಗಾಳಿಯನ್ನು ಒಳಕ್ಕೆ ಕೊಡುವ, ಹೊರಕ್ಕೆ ಬಿಡುವ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಕ್ರಿಯಾಪದಗಳು ಬಳಕೆಯಲ್ಲಿದ್ದರೆ, ಬಲ್ಲವರು ಪೂರ್ಣ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.