ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು, ಹಾರಾಟದ ವೇಳೆ ಎಷ್ಟು?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):
ಮಗಳ ಮನೆಗೆ ನಾವಿಬ್ಬರೂ ಮೊದಲ ಸಲ ಹೊರಟಿದ್ದೇವೆ. ಟಿಕೆಟಿನಲ್ಲಿ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟ ವಿಮಾನ ಅದೇ ದಿನ ಸಂಜೆ ಆರಕ್ಕೆ ತಲುಪುವುದೆಂದಿದೆ. ಇದು ಮೂರೂವರೆ ತಾಸಿನ ದಾರಿಯೇ? ಬೆಳಗಾವಿಯಿಂದ ಬೆಂಗಳೂರಿಗೇ ಬಸ್ಸಿನಲ್ಲಿ ಒಂದು ರಾತ್ರಿ ಬೇಕಲ್ಲ!

ಉತ್ತರ 1 (ಗೋಕಾಕ):
ಅಲ್ಲ ಸರ್, ಎರಡೂ ಸ್ಥಳೀಯ ವೇಳೆಗಳು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ 13 ತಾಸು 30 ನಿಮಿಷ ಹಿಂದಿರುವುದರಿಂದ ನಿಜವಾದ ಹಾರಾಟ 17 ತಾಸು. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಆಗ ಅಂತರ ಹನ್ನೆರಡೂವರೆ ತಾಸು.

ಉತ್ತರ 2 (ನಿವೃತ್ತ ಭೂಗೋಳ ಶಿಕ್ಷಕ, ಚಿಕ್ಕೋಡಿ):
ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯನ್ನು ನಂಬಬೇಡಿ, 30 ಸೆಂ.ಮೀ. ವ್ಯಾಸದ ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಉತ್ತರ ಧ್ರುವದ ಸಮೀಪ ಹಾಯುತ್ತದೆ, ಉದ್ದ ಸುಮಾರು 33 ಸೆಂ.ಮೀ. ಬರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೆಂಗಳೂರಿಗೆ ಧ್ರುವದ ಮೇಲಿನಿಂದಲೇ ಬಂದಿದ್ದರು. ಆದರೂ ವಿಮಾನಗಳು ಯಾವಾಗಲೂ ಈ ಗೆರೆಯನ್ನೇ ಹಿಡಿಯುವುದಿಲ್ಲ; ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಬೆನ್ನಿಗೆ ಸಿಕ್ಕರೆ ಬಳಸುದಾರಿಯೂ ಬೇಗ ಸಾಗುತ್ತದೆ.

ಪ್ರಶ್ನೆ ಕೇಳಿದವರು:
ಮೊಮ್ಮಗನ ಗೋಳಕ್ಕೆ ದಾರ ಕಟ್ಟಿ ನೋಡಿದೆ, ತಾವು ಹೇಳಿದಂತೆಯೇ ಇದೆ. ಹದಿನೇಳು ತಾಸು ಕೂರುವುದಕ್ಕೆ ಮನೆಯವರು ಈಗಲೇ ಗೊಣಗುತ್ತಿದ್ದಾರೆ.

ಉತ್ತರ 1:
ನಡುವೆ ಎದ್ದು ಓಡಾಡಿ, ನೀರು ಕುಡಿಯುತ್ತಿರಿ. ಕಾಲು ಬಾಯುವುದು ಕಡಿಮೆಯಾಗುತ್ತದೆ.